ಹೊಗೆಯ ಕಾಯಿದೆಯೂ ಸೌದೆಯ ಕಾಯಿದೆಯೂ

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಅನುಮಾನಪ್ರಮಾಣವನ್ನು ವಿವರಿಸುವಾಗ ಗುರುಗಳು ಶಿಷ್ಯನಿಗೆ ಒಂದು ಬೆಟ್ಟವನ್ನು ತೋರಿಸುತ್ತಾರೆ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಆದುದರಿಂದ ಅಲ್ಲಿ ಬೆಂಕಿಯಿರಬೇಕು. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬುದಕ್ಕೆ ದೃಷ್ಟಾಂತವೇನೆಂದು ಕೇಳಿದರೆ ಸಿದ್ಧವಾಗಿರುವ ಉತ್ತರವು ಅಡಿಗೆಮನೆ. ಶಾಸ್ತ್ರದಲ್ಲಿ ಮಹಾನಸವೆಂದು ಹೆಸರು ಪಡೆದ ಈ ಅಡಿಗೆಮನೆಯು ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳ ನಾಲಗೆಯ ಮೇಲೆ ನಲಿದಿದೆ. ಗುಂಡ್ಲುಪೇಟೆಯ ಸೀಮೆಯವನಾದ ನನಗೆ ಬೆಟ್ಟವೆಂದರೆ 1,454 ಮೀಟರ್ ಎತ್ತರದ ಹಿಮವದ್ಗೋಪಾಲಸ್ವಾಮಿ ಬೆಟ್ಟವೇ. ಅಲ್ಲಿ ಕಾಣುವುದು ಬಹುಮಟ್ಟಿಗೆ ಮಂಜೇ ಹೊರತು ಹೊಗೆಯಲ್ಲವೆಂದು ಹೇಳಿ ಪಾಠಶಾಲೆಯಲ್ಲಿ ಬೈಸಿಕೊಂಡದ್ದೂ ಉಂಟು. ಆದರೆ ದೃಷ್ಟಾಂತವಾಗಿ ನಿಂತ ಆ ಅಡಿಗೆಮನೆಯ ಹೊಗೆಯೊಳಗೆ ಕುಳಿತಿದ್ದವರು ಯಾರು, ಆ ಹೊಗೆಯು ಎಲ್ಲಿ ಹೋಯಿತು ಎಂಬುದನ್ನು ನಾವೂ ಕೇಳಲಿಲ್ಲ, ನಮ್ಮ ಗುರುಗಳೂ ಹೇಳಲಿಲ್ಲ.

ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆದವರೂ ಅದನ್ನು ಕೇಳಿದಂತೆ ತೋರುವುದಿಲ್ಲ. ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟದ್ದನ್ನೂ 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದ್ದನ್ನೂ ನಾವೆಲ್ಲರೂ ಓದಿದ್ದೇವೆ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯಕ್ಕೂ ಚಿಕ್ಕದೇವರಾಜ ಒಡೆಯರಿಗೂ ಇರುವ ಸಂಬಂಧವನ್ನೂ ಬಲ್ಲೆವು. ಅರಸರು ಬದಲಾದರು, ಊರುಗಳ ಹೆಸರುಗಳು ಬದಲಾದವು. ಒಲೆ ಮಾತ್ರ ಬದಲಾಗಲಿಲ್ಲ. ಬದಲಾಗದಿರುವುದಕ್ಕೆ ಚರಿತ್ರೆಯಿಲ್ಲವೆಂದು ನಾವು ತಿಳಿದಂತಿದೆ. ಹಾಗಲ್ಲವೆಂಬುದನ್ನು ತೋರಿಸಲು ಈ ಲೇಖನದಲ್ಲಿ ಯತ್ನಿಸಿದೆ. ಒಲೆಗೆ ಎರಡು ತುದಿಗಳುಂಟು: ಸೌದೆ ಒಳಗೆ ಬರುವುದೊಂದು ತುದಿ, ಹೊಗೆ ಹೊರಗೆ ಹೋಗುವುದೊಂದು ತುದಿ. ಸರ್ಕಾರದ ಕಾಯಿದೆಯು ಯೂರೋಪಿನಲ್ಲಿ ಎರಡನೆಯ ತುದಿಯಿಂದ ಮನೆಯನ್ನು ಹೊಕ್ಕಿತು. ನಮ್ಮಲ್ಲಿ ಮೊದಲನೆಯ ತುದಿಯನ್ನು ಹಿಡಿದುಕೊಂಡಿತು. ಈ ವ್ಯತ್ಯಾಸದಿಂದ ನಮ್ಮ ಮನೆಯ ಹೆಂಗಸರಿಗೆ ಏನಾಯಿತೆಂಬುದೇ ಇಲ್ಲಿಯ ವಿಷಯ.

ಮೊದಲು ಹೊರದೇಶದ ಸಂಗತಿಯನ್ನು ಸ್ವಲ್ಪ ನೋಡೋಣ. ಶೀತದೇಶಗಳಲ್ಲಿ ಬೆಂಕಿಯು ಅಡಿಗೆಗೆ ಮಾತ್ರವೇ ಅಲ್ಲ, ಬದುಕುವುದಕ್ಕೇ ಬೇಕು. ಕೊಠಡಿಗೊಂದು ಅಗ್ಗಿಷ್ಟಿಕೆ, ಅದರ ಮೇಲೆ ಗೋಡೆಯೊಳಗಿಂದ ಮಾಡಿನ ಮೇಲಕ್ಕೆ ಹೋಗುವ ಹೊಗೆಗೂಡು. ಆದುದರಿಂದ ಒಲೆಯನ್ನು ಎಣಿಸಿದರೆ ಮನೆಯನ್ನು ಎಣಿಸಿದಂತೆಯೇ ಆಗುತ್ತಿತ್ತು. ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿ ಹೊಗೆಯ ಹೆಸರಿನಲ್ಲಿಯೇ ಒಂದು ತೆರಿಗೆಯಿತ್ತು. ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ದೊರೆಯ ಕಾಲದಲ್ಲಿ, 1662ರಲ್ಲಿ, ಪ್ರತಿಯೊಂದು ಒಲೆಗೂ ವರ್ಷಕ್ಕೆ ಎರಡು ಷಿಲ್ಲಿಂಗುಗಳಂತೆ ಕಂದಾಯ ವಿಧಿಸಿದರು. ಎಣಿಸುವವರು ಮನೆಯೊಳಕ್ಕೆ ನುಗ್ಗುತ್ತಾರೆಂದು ಜನರು ಗೊಣಗಿ, ಕೊನೆಗೆ 1689ರಲ್ಲಿ ಅದು ರದ್ದಾಯಿತು. ಈ ಮಧ್ಯೆ 1666ರಲ್ಲಿ ಲಂಡನ್ ನಗರವು ಬೆಂಕಿಗೆ ಆಹುತಿಯಾಗಿ, ಇಟ್ಟಿಗೆ ಕಲ್ಲುಗಳಿಂದಲೇ ಮನೆ ಕಟ್ಟಬೇಕೆಂಬ ಕಟ್ಟಳೆಯೂ ಬಂದಿತ್ತು. ಹೊಗೆಗೂಡಿನೊಳಗೆ ಅಂಟಿದ ಮಸಿಯೇ ಹೊತ್ತಿಕೊಂಡು ಮನೆ ಸುಡುವುದುಂಟಾದ್ದರಿಂದ, ಅದನ್ನು ಕಾಲಕಾಲಕ್ಕೆ ಗುಡಿಸುವ ಕೆಲಸವು ಒಂದು ವೃತ್ತಿಯಾಗಿ ಬೆಳೆಯಿತು.

ಈ ವೃತ್ತಿಯ ಚರಿತ್ರೆ ಹೊಗಳಿಕೆಗೆ ಯೋಗ್ಯವಾದುದಲ್ಲ. ಇಂಗ್ಲೆಂಡಿನಲ್ಲಿ ಇಕ್ಕಟ್ಟಾದ ಗೂಡುಗಳೊಳಕ್ಕೆ ಚಿಕ್ಕ ಮಕ್ಕಳನ್ನು ಹತ್ತಿಸಿ ಮಸಿಯನ್ನು ಕೆರೆಸುತ್ತಿದ್ದರು. ಹೀಗೆ ಬೆಳೆದವರಿಗೆ ಮಸಿಯ ದೆಸೆಯಿಂದ ಅರ್ಬುದರೋಗ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು 1775ರಲ್ಲಿಯೇ ಬರೆದನು. ಮಕ್ಕಳನ್ನು ಕಾಪಾಡಲು 1788ರಿಂದ ಒಂದಾದ ಮೇಲೊಂದು ಕಾಯಿದೆಗಳಾದವು. ಒಂದೂ ಸರಿಯಾಗಿ ನಡೆಯಲಿಲ್ಲ. ಕೊನೆಗೆ ಬಾಲಕನೊಬ್ಬನು ಗೂಡಿನಲ್ಲಿ ಸಿಕ್ಕಿಕೊಂಡು ಸತ್ತ ಮೇಲೆ, 1875ರ ಕಾಯಿದೆಯು ಗುಡಿಸುವವರೆಲ್ಲರೂ ಪೊಲೀಸರಿಂದ ರಹದಾರಿ ಪಡೆಯಬೇಕೆಂದು ವಿಧಿಸಿ ಆ ಪದ್ಧತಿಯನ್ನು ನಿಲ್ಲಿಸಿತು. ಜರ್ಮನಿಯಲ್ಲಿಯಾದರೋ ವ್ಯವಸ್ಥೆ ಇನ್ನೂ ಬಿಗಿ. ಊರನ್ನು ಹೋಬಳಿಗಳಂತೆ ಹಂಚಿ, ಒಂದೊಂದಕ್ಕೂ ಒಬ್ಬ ಪರೀಕ್ಷೆಯಾದ ಗುಡಿಸುವವನನ್ನು ನೇಮಿಸುತ್ತಾರೆ. 1969ರ ಕಾಯಿದೆಯೂ ಅದರ ಬದಲಿಗೆ ಬಂದ 2008ರ ಕಾಯಿದೆಯೂ ಮನೆಯ ಯಜಮಾನನು ಅವನನ್ನು ಬಾಗಿಲಲ್ಲಿ ತಡೆಯಕೂಡದೆಂದು ಹೇಳುತ್ತವೆ. 2013ರಿಂದ ಗುಡಿಸುವ ಕೆಲಸಕ್ಕೆ ಬೇರೆಯವರನ್ನು ಕರೆಯುವ ಸ್ವಾತಂತ್ರ್ಯ ದೊರೆತಿದೆಯಾದರೂ, ಏಳು ವರ್ಷಗಳಲ್ಲಿ ಎರಡು ಸಲ ಒಲೆಯನ್ನು ಪರಿಶೀಲಿಸುವ ಅಧಿಕಾರವು ನೇಮಕವಾದವನದೇ. ಹೊಸ ವರ್ಷದ ದಿನ ಅವನ ಮುಖ ಕಂಡರೆ ಶುಭವೆಂದು ಅಲ್ಲಿಯ ಜನ ನಂಬುತ್ತಾರೆ.

ಇಂಥವನೊಬ್ಬನು ನಮ್ಮ ಸೀಮೆಗೆ ಎಂದೂ ಬರಲಿಲ್ಲ. ಚಿಮಣಿಯೆಂಬ ಮಾತು ನಮಗೆ ಗೊತ್ತಿದ್ದುದೇ ಲಾಂದ್ರದ ಗಾಜಿಗೆ. ಸಂಜೆ ಅದನ್ನು ಒಲೆಯ ಬೂದಿಯಿಂದ ಉಜ್ಜಿ ಒರಸುವುದು ಹುಡುಗರ ಕೆಲಸ. ನಿಜವಾದ ಹೊಗೆಗೂಡುಗಳನ್ನು ನೋಡಬೇಕಾದರೆ ಗುಂಡ್ಲುಪೇಟೆಯಿಂದ ಘಟ್ಟವನ್ನೇರಿ ಉದಕಮಂಡಲಕ್ಕೆ ಹೋಗಬೇಕಾಗಿತ್ತು. 1820ರ ದಶಕದಲ್ಲಿ ಜಾನ್ ಸಲಿವನ್ ಎಂಬ ಕಲೆಕ್ಟರನು ಅಲ್ಲಿ ಮನೆ ಕಟ್ಟಿದಂದಿನಿಂದ ದೊರೆಗಳು ತಮ್ಮ ನಾಡಿನ ಅಗ್ಗಿಷ್ಟಿಕೆಯನ್ನೂ ಜತೆಗೇ ತಂದುಕೊಂಡರು. ಆದರೆ ಆ ಪದ್ಧತಿ ಘಟ್ಟವಿಳಿದು ಕೆಳಗೆ ಬರಲಿಲ್ಲ. ಬರದಿದ್ದುದಕ್ಕೆ ಕಾರಣಗಳನ್ನು ಕ್ರಮವಾಗಿ ವಿಚಾರಿಸಬೇಕು.

ಮೊದಲನೆಯದು ಹವೆ. ಬಯಲಿನಲ್ಲಿ ಮನೆಯನ್ನು ಬೆಚ್ಚಗಿಡುವ ಅವಶ್ಯಕತೆಯಿಲ್ಲ. ಬೆಂಕಿ ಬೇಕಾದುದು ಅಡಿಗೆಗೂ ಬಚ್ಚಲಿನ ಹಂಡೆಗೂ ಮಾತ್ರ. ಬಿಳಿಗಿರಿರಂಗನ ಬೆಟ್ಟದಂಥ ಸುಮಾರು 1,500 ಮೀಟರ್ ಎತ್ತರದ ಸ್ಥಳದಲ್ಲಿ ಮಾಗಿಯ ರಾತ್ರಿ ಕೊರೆಯುವುದು ನಿಜ. ಅಲ್ಲಿಯ ಸೋಲಿಗರು ಪೋಡಿನ ಗುಡಿಸಲಿನೊಳಗೆ ಬೆಂಕಿಯನ್ನು ಆರಗೊಡದೆ ಅದರ ಸುತ್ತ ಮಲಗುತ್ತಿದ್ದರು. ಬಿದಿರಿನ ಗೋಡೆಯ ಸಂದುಗಳಿಂದಲೂ ಹುಲ್ಲಿನ ಮಾಡಿನಿಂದಲೂ ಹೊಗೆ ತಾನಾಗಿಯೇ ಸೋರಿ ಹೋಗುತ್ತಿತ್ತು.

ಎರಡನೆಯದು, ಹೊಗೆಗೆ ಮನೆಯಲ್ಲಿ ಕೆಲಸವಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಹಸಿಸೌದೆಯನ್ನು ಒಣಗಿಸುತ್ತಿದ್ದರು. ಬಿತ್ತನೆಯ ಅವರೆ, ಜೋಳದ ತೆನೆಗಳನ್ನು ಹೊಗೆ ತಾಗುವಂತೆ ತೂಗುಹಾಕಿದರೆ ಹುಳು ಹತ್ತುತ್ತಿರಲಿಲ್ಲ. ಮಸಿ ಹಿಡಿದ ತೊಲೆ ಜಂತಿಗಳಿಗೆ ಗೆದ್ದಲು ಸುಲಭವಾಗಿ ತಾಗದೆಂಬುದು ಹಿರಿಯರ ಅನುಭವ. ತೊಲೆಗಳಿಂದ ಜೋಲುವ ಮಸಿಯ ಎಳೆಗೆ ನಮ್ಮಲ್ಲಿ ಇಲ್ಲಣವೆಂದು ಹೆಸರು. ಆಯುರ್ವೇದದಲ್ಲಿ ಅದಕ್ಕೇ ಗೃಹಧೂಮವೆಂದು ಹೆಸರಿಟ್ಟು ಔಷಧದ್ರವ್ಯಗಳ ಜತೆಗೆ ಸೇರಿಸಿದ್ದಾರೆ. ಹೀಗೆ ಮಸಿಯೂ ಮದ್ದಾದ ಮೇಲೆ ಅದನ್ನು ಶತ್ರುವೆಂದು ಯಾರು ಎಣಿಸುವರು?

ಮೂರನೆಯದು ಆಚಾರ. ಮಡಿಯುಳ್ಳ ಮನೆಗಳಲ್ಲಿ ಅಡಿಗೆಮನೆಯೆಂಬುದು ದೇವರಮನೆಗೆ ಸಮಾನ. ಬೆಳಗಾಗುತ್ತಲೇ ಒಲೆಯನ್ನು ಸಾರಿಸಿ ರಂಗೋಲೆಯೆಳೆದು ಬೆಂಕಿ ಹೊತ್ತಿಸಬೇಕು. ಸ್ವಂತ ಮನೆಯ ಗಂಡಸರೇ ಮೈಲಿಗೆಯ ಬಟ್ಟೆಯಲ್ಲಿ ಹೊಸಿಲು ದಾಟುವಂತಿರಲಿಲ್ಲವೆಂದ ಮೇಲೆ, ಪೊರಕೆ ಹಿಡಿದ ಹೊರಗಿನವನೊಬ್ಬನು ಬಂದು ಒಲೆಯನ್ನು ಮುಟ್ಟುವುದು ಕನಸಿನಲ್ಲಿಯೂ ಸಾಧ್ಯವಿರಲಿಲ್ಲ. ಮನುಸ್ಮೃತಿಯು ಗೃಹಸ್ಥನಿಗೆ ಅರಿಯದೆ ಹಿಂಸೆ ಸಂಭವಿಸುವ ಐದು ಸ್ಥಾನಗಳನ್ನು ಎಣಿಸುವಾಗ ಒಲೆಯನ್ನೇ ಮೊದಲು ಹೇಳುತ್ತದೆ. ಅಲ್ಲಿ ಉದ್ದೇಶಿಸಿದುದು ಬೆಂಕಿಗೆ ಬೀಳುವ ಕ್ರಿಮಿಕೀಟಗಳ ಹಿಂಸೆ. ಒಲೆಯ ಮುಂದೆ ಕುಳಿತವಳ ಕಡೆಗೆ ಆ ದೃಷ್ಟಿ ಹೊರಳಲಿಲ್ಲವೆಂಬುದನ್ನು ಆ ಶಾಸ್ತ್ರಗಳನ್ನೇ ಓದಿ ಅನ್ನ ಉಂಡ ನಾನು ಒಪ್ಪಿಕೊಳ್ಳಬೇಕಾಗಿದೆ.

ಆದುದರಿಂದ ನಮ್ಮ ಹೊಗೆ ಗುಡಿಸುವವಳು ಗೃಹಿಣಿಯೇ ಆದಳು. ಹಬ್ಬಕ್ಕೆ ಮುಂಚೆ ಉದ್ದವಾದ ಗಳುವಿಗೆ ಪೊರಕೆ ಕಟ್ಟಿ, ತಲೆಗೊಂದು ಬಟ್ಟೆ ಸುತ್ತಿಕೊಂಡು, ಇಲ್ಲಣವನ್ನು ಗುಡಿಸಿ ಸುಣ್ಣ ಬಳಿಯುವುದು ಅವಳ ಪಾಲಿನ ಕೆಲಸ. ಮಿಕ್ಕ ದಿನಗಳಲ್ಲಿ ಊದುಗೊಳವೆಯೇ ಗತಿ. ಮಾಡಿನಲ್ಲಿ ಎರಡು ಹೆಂಚುಗಳನ್ನು ಸರಿಸಿದ ಬೆಳಕಿಂಡಿಯೊಂದಿದ್ದರೆ ಅದೇ ಭಾಗ್ಯ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚುಗಳು ಕಾಲಕ್ರಮದಲ್ಲಿ ನಮ್ಮ ಕಡೆಗೂ ಬಂದವು. ಹೊಗೆಗೆ ಮಾತ್ರ ಬೇರೆ ದಾರಿ ಬರಲಿಲ್ಲ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಸುವ ಒಲೆಗೆ ಎತ್ತರವಾದ ಹೊಗೆಗೂಡನ್ನು ಕಟ್ಟುವುದುಂಟು. ಗೂಡಿದ್ದರೆ ಗಾಳಿ ಎಳೆದು ಉರಿ ಚೆನ್ನಾಗಿ ಏಳುತ್ತದೆಂಬುದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆಯಾಗಿರಲಿಲ್ಲ. ಬೆಲ್ಲ ಮಾರಾಟಕ್ಕೆ ಹೋಗುತ್ತದೆ, ಅನ್ನ ಮನೆಯಲ್ಲಿಯೇ ಮುಗಿಯುತ್ತದೆ. ಗೂಡು ಬೆಲ್ಲಕ್ಕೆ ದೊರೆತು ಅನ್ನಕ್ಕೆ ದೊರೆಯದೆ ಹೋದುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ನಾನು ಕಾಣೆ.

ಇನ್ನು ಒಲೆಯ ಮೊದಲನೆಯ ತುದಿಗೆ, ಎಂದರೆ ಸೌದೆಗೆ, ಬರೋಣ. ಟಿಪ್ಪುಸುಲ್ತಾನನ ಕಾಲದಿಂದಲೇ ಗಂಧವು ರಾಜವೃಕ್ಷವಾಗಿ ಪ್ರಜೆಯ ಕೈಗೆ ನಿಷಿದ್ಧವಾಗಿತ್ತು. ಆದರೆ ಒಲೆಯ ಸೌದೆಗೆ ಅಧಿಕಾರಿಯೊಬ್ಬನು ಗಟ್ಟಿಯಾಗಿ ನಿಂತದ್ದು 1864ರಲ್ಲಿ ಮೈಸೂರಿನ ಅರಣ್ಯ ಇಲಾಖೆ ಸ್ಥಾಪಿತವಾದ ಮೇಲೆಯೇ. ಸಂಸ್ಥಾನದ ರೈಲಿನ ಎಂಜಿನುಗಳು ಸೌದೆಯನ್ನೇ ತಿನ್ನುತ್ತಿದ್ದ ಕಾಲವದು. ಕಾಡು ಬರಿದಾಗುವುದೆಂಬ ಭೀತಿ ಸುಳ್ಳಾಗಿರಲಿಲ್ಲ. 1900ನೆಯ ಇಸವಿಯ ಮೈಸೂರು ಅರಣ್ಯ ರೆಗ್ಯುಲೇಷನ್ನಿನ ಪ್ರಕಾರ ಕಾಡಿನ ಬಹುಭಾಗಗಳು ರಾಜ್ಯಾರಣ್ಯಗಳಾಗಿ, ಮರ ಕಡಿಯುವುದಕ್ಕೂ ಬೆಂಕಿ ಹಚ್ಚುವುದಕ್ಕೂ ನಿರ್ಬಂಧಗಳು ಬಿದ್ದವು. ಈಗ ನಮ್ಮ ಜಿಲ್ಲೆಗೇ ಸೇರಿರುವ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದು, 1882ರ ಮದರಾಸು ಅರಣ್ಯ ಕಾಯಿದೆಗೆ ಒಳಪಟ್ಟಿತ್ತು. ಒಂದೇ ಬೆಟ್ಟದ ಸಾಲಿನ ಈಚೆಯ ಹೊರೆಗೆ ಒಂದು ಕಾಯಿದೆ, ಆಚೆಯ ಹೊರೆಗೆ ಇನ್ನೊಂದು. 1963ರ ಕರ್ನಾಟಕ ಅರಣ್ಯ ಕಾಯಿದೆ ಬಂದ ಮೇಲೆ ಎರಡೂ ಕಡೆಗೆ ಒಂದೇ ಕಟ್ಟಳೆಯಾಯಿತು.

ಬಂಡೀಪುರದ ಕಡೆ 1931ರಲ್ಲಿ ಮೈಸೂರು ಮಹಾರಾಜರು ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ವನವನ್ನು ಏರ್ಪಡಿಸಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ಹುಲಿ ಯೋಜನೆಗೆ ದೇಶದಲ್ಲಿ ಮೊದಲು ಆಯ್ದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವಾಯಿತು. ಅಲ್ಲಿಯ ಸೋಲಿಗರು ಬೇಸಗೆಯ ಮೊದಲಲ್ಲಿ ನೆಲದ ಒಣ ಎಲೆಗೆ ಹಚ್ಚುತ್ತಿದ್ದ ತರಗುಬೆಂಕಿಯೂ ನಿಂತಿತು. ಅದು ನಿಂತುದರಿಂದಲೇ ಲಂಟಾನದ ಪೊದೆ ಕಾಡನ್ನೆಲ್ಲ ಕವಿಯಿತೆಂದು ಸೋಲಿಗರ ಹಿರಿಯರು ಹೇಳುತ್ತಾರೆ. 2000ನೆಯ ಇಸವಿ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನಗಳಿಂದಲೂ ಅಭಯಾರಣ್ಯಗಳಿಂದಲೂ ಒಣಗಿದ, ರೋಗ ಬಿದ್ದ, ಗಾಳಿಗೆ ಉರುಳಿದ ಮರಗಳನ್ನೂ ಹುಲ್ಲನ್ನೂ ತೆಗೆಯಕೂಡದೆಂದು ಆಜ್ಞೆ ಮಾಡಿತು. ಮರದ ವ್ಯಾಪಾರದಲ್ಲಿ ನಡೆಯುತ್ತಿದ್ದ ಅನ್ಯಾಯಗಳನ್ನು ತಡೆಯಬೇಕಾಗಿತ್ತೆಂಬುದು ದಿಟ. ಆದರೆ ಬಡವಳೊಬ್ಬಳು ತಲೆಯ ಮೇಲೆ ತರುವ ಪುಳ್ಳೆಯ ಹೊರೆಯೂ ಅದೇ ಮಾತಿನೊಳಗೆ ಅಡಕವಾಯಿತು. ಅರಣ್ಯಹಕ್ಕುಗಳ 2006ರ ಕಾಯಿದೆಯ ಪ್ರಕಾರ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆತ ಮೇಲೆಯೇ ಸೋಲಿಗರಿಗೆ ಸ್ವಲ್ಪ ನೆಲೆ ಸಿಕ್ಕಿದ್ದು.

ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಂಗಳ, ಮಂಗಲ, ಬೇರಂಬಾಡಿಯ ಕಡೆಗಳಲ್ಲಿ ಇಂದಿಗೂ ಕೆರೆಗೆ ನೀರು ಬರುವುದು ಆ ಕಾಡಿನಿಂದಲೇ. ನಾನು ಹೇಳಬೇಕೆಂದಿರುವುದು ಬೇರೆ. ಸೌದೆಗೆ ಬೇಲಿ ಹಾಕಿದವರು, ಸೌದೆಯಿಲ್ಲದ ಒಲೆಯಲ್ಲಿ ಏನು ಉರಿಯುವುದೆಂದು ವಿಚಾರಿಸಲಿಲ್ಲ. ಒಣಗಿದ ದಿಂಡು ದೊರೆಯದ ಮೇಲೆ ಹತ್ತಿಕಡ್ಡಿ, ಜೋಳದ ದಂಟು, ಬೆರಣಿ, ಲಂಟಾನದ ಹಸಿಕಡ್ಡಿ ಇವುಗಳೇ ಒಲೆಗೆ ಬಂದವು. ಒಳ್ಳೆಯ ಸೌದೆಯು ಉರಿ ಹೆಚ್ಚು ಕೊಟ್ಟು ಹೊಗೆ ಕಡಿಮೆ ಕೊಡುತ್ತದೆ. ಇವು ಹೊಗೆ ಹೆಚ್ಚು ಕೊಟ್ಟು ಉರಿ ಕಡಿಮೆ ಕೊಡುತ್ತವೆ. ಸರಿಯಾಗಿ ಉರಿಯದ ಒಲೆಯ ಮುಂದೆ ಹೆಚ್ಚು ಹೊತ್ತು ಕೂತು ಊದಬೇಕು. ಕಾಯಿದೆಯು ಕಾಡಿನಲ್ಲಿ ಉಳಿಸಿದ ಮರದ ಬೆಲೆಯಲ್ಲಿ ಒಂದು ಭಾಗವನ್ನು ಹೀಗೆ ಅಡಿಗೆಮನೆಯವಳು ಕಣ್ಣಿನಿಂದಲೂ ಉಸಿರಿನಿಂದಲೂ ತೆತ್ತಳು. ಈ ಲೆಕ್ಕವು ಯಾವ ದಫ್ತರದಲ್ಲಿಯೂ ಬರೆಯಲ್ಪಡಲಿಲ್ಲ.

ಹೊಗೆಯ ಮೇಲೆ ನಮ್ಮ ದೇಶದಲ್ಲಿ ಕಾಯಿದೆಯೇ ಇರಲಿಲ್ಲವೆಂದಲ್ಲ. ಬಂಗಾಳದಲ್ಲಿ 1905ರಲ್ಲಿಯೂ ಮುಂಬಯಿಯಲ್ಲಿ 1912ರಲ್ಲಿಯೂ ಹೊಗೆಯ ಉಪದ್ರವವನ್ನು ತಡೆಯುವ ಕಾಯಿದೆಗಳಾದವು. ಅವು ನೋಡಿದುದು ಮಹಾನಗರದ ಕುಲುಮೆಗಳ ಹೊಗೆಯನ್ನು. 1981ರ ವಾಯುಮಾಲಿನ್ಯ ಕಾಯಿದೆಯೂ ಮುಖ್ಯವಾಗಿ ಕಾರ್ಖಾನೆಗಳ ಮೇಲೆಯೇ ಕಣ್ಣಿಟ್ಟಿತು. ಮನೆಯ ಹೊಗೆಯು ರೋಗವೆಂದು ಮೊದಲು ಕಂಡವರು ವೈದ್ಯರು. ದಿಲ್ಲಿಯಲ್ಲಿ ಹೃದ್ರೋಗತಜ್ಞೆಯಾಗಿದ್ದ ಡಾಕ್ಟರ್ ಎಸ್. ಪದ್ಮಾವತಿಯವರು 1959ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಶ್ವಾಸಕೋಶ ಕೆಟ್ಟು ಅದರಿಂದ ಹೃದಯವೂ ಕೆಡುವ ರೋಗವು ಬೀಡಿ ಸೇದದ ಹೆಂಗಸರಲ್ಲಿಯೂ ವಿಶೇಷವಾಗಿ ಕಾಣುವುದನ್ನು ಗುರುತಿಸಿ, ಅದಕ್ಕೆ ಅಡಿಗೆಯ ಹೊಗೆಯನ್ನು ಕಾರಣವಾಗಿ ಸೂಚಿಸಿದರು. ಲಂಡನ್ನಿನ ವೈದ್ಯನು ಮಸಿಯ ದೋಷವನ್ನು ಬರೆದು ಅಷ್ಟು ಹೊತ್ತಿಗೆ 184 ವರ್ಷಗಳಾಗಿದ್ದವು. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಗುಜರಾತಿನ ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರು ಎಷ್ಟು ಹೊಗೆ ಸೇವಿಸುತ್ತಾರೆಂಬುದನ್ನು ಅಳೆದರು. ವಿಶ್ವ ಆರೋಗ್ಯ ಸಂಸ್ಥೆಯು 2020ನೆಯ ಇಸವಿಯೊಂದರಲ್ಲಿಯೇ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ 32 ಲಕ್ಷ ಜನರು ಸತ್ತರೆಂದು ಅಂದಾಜು ಮಾಡಿದೆ.

ನಮಗೆ ಹತ್ತಿರವಾದ ಲೆಕ್ಕವೊಂದುಂಟು. ಮೈಸೂರಿನ ಸಂಶೋಧಕರು ಆ ಜಿಲ್ಲೆಯ ಹಳ್ಳಿಗಾಡಿನ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆಯೊಲೆಯ ಮುಂದೆ ಕೂತಳೆಂಬುದನ್ನು ಎಷ್ಟು ವರ್ಷ ಕೂತಳೆಂಬುದರಿಂದ ಗುಣಿಸಬೇಕು. ಆ ಗುಣಲಬ್ಧವು 60ನ್ನು ಮುಟ್ಟಿದರೆ ಬಹುಕಾಲದ ಕೆಮ್ಮು ಕಫಗಳ ರೋಗಕ್ಕೆ ಎಡೆಯಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವೆಂದರೆ 60. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆಯು ಮೂವತ್ತೆಂಟಕ್ಕೆ ಆ ಗಡಿಯನ್ನು ಮುಟ್ಟುತ್ತಾಳೆ. ನನ್ನ ತಾಯಿಯ ಲೆಕ್ಕವನ್ನು ಹಾಕಿ ನೋಡಿದೆನು: ದಿನಕ್ಕೆ ನಾಲ್ಕು ಗಂಟೆಯಂತೆ ಐವತ್ತು ವರ್ಷ, ಇನ್ನೂರು. ಕೊನೆಯ ವರ್ಷಗಳಲ್ಲಿ ಆಕೆಗೆ ಏದುಸಿರು ಹತ್ತಿದಾಗ ನೋಡಿದ ವೈದ್ಯರೊಬ್ಬರು ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಾರೆಯೇ ಎಂದು ಕೇಳಿದರು. ಯಾರೂ ಇಲ್ಲವೆಂದೆವು. ಒಲೆಯ ಮಾತನ್ನು ಅವರೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಈ ಅಂಧಕಾರದ ನಡುವೆ ಒಂದು ಬೆಳಕು ನಮ್ಮ ನಾಡಿನಲ್ಲಿಯೇ ಹೊತ್ತಿತ್ತೆಂಬುದನ್ನು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಮೊದಲಾದವರು ಹಳ್ಳಿಗಳಿಗಾಗಿ ದುಡಿಯುವ ಅಸ್ತ್ರವೆಂಬ ಕೇಂದ್ರವನ್ನು ಆರಂಭಿಸಿದರು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಸೌದೆಯ ಖರ್ಚನ್ನೂ ಹೆಂಗಸರ ದುಡಿಮೆಯನ್ನೂ ಅಳೆದು ತಿಳಿದುಕೊಂಡ ಮೇಲೆ, 1980ರ ದಶಕದ ಮೊದಲಲ್ಲಿ ಅಸ್ತ್ರ ಒಲೆಯನ್ನು ಸಿದ್ಧಪಡಿಸಿದರು. ಮೂರು ಪಾತ್ರೆಗಳು ಕೂರುವ ಮಣ್ಣಿನೊಲೆ. ಉರಿಯು ಒಂದರ ಕೆಳಗಿನಿಂದ ಇನ್ನೊಂದರ ಕೆಳಕ್ಕೆ ಹರಿದು, ಕೊನೆಗೆ ಕೊಳವೆಯ ಮೂಲಕ ಹೊಗೆ ಮಾಡಿನಿಂದಾಚೆ ಹೋಗುವುದು. ಸೌದೆಯೂ ಉಳಿಯಿತು, ಹೊಗೆಯೂ ಹೋಯಿತು. ಒಲೆಯ ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದ ಪ್ರಯತ್ನವಿದು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು.

ನಮ್ಮ ಮನೆಯಲ್ಲಿಯೂ ಅಂಥದೊಂದು ಒಲೆಯನ್ನು ಹಾಕಿಸಿದೆವು. ಮೇಸ್ತ್ರಿಯೊಬ್ಬನು ಬಂದು ಅರ್ಧ ದಿನದಲ್ಲಿ ಕಟ್ಟಿ, ಕಲ್ನಾರು ಸಿಮೆಂಟಿನ ಕೊಳವೆಯನ್ನು ಹೆಂಚಿನ ಮೇಲಕ್ಕೆ ಏರಿಸಿ, ಕೂಲಿ ತೆಗೆದುಕೊಂಡು ಹೋದನು. ಮೊದಲ ತಿಂಗಳುಗಳಲ್ಲಿ ಅಮ್ಮನ ಸಂತೋಷ ಹೇಳತೀರದು. ಸೆರಗಿನಿಂದ ಕಣ್ಣೊರಸಿಕೊಳ್ಳದೆ ಆಕೆ ಅಡಿಗೆ ಮಾಡಿದುದನ್ನು ನಾನು ಅದೇ ಮೊದಲು ಕಂಡದ್ದು. ವರ್ಷ ತುಂಬುವುದರೊಳಗೆ ಉರಿ ಕುಂದತೊಡಗಿತು. ಹೊಗೆ ಒಲೆಯ ಬಾಯಿಂದಲೇ ಹಿಂದಿರುಗಿ ಬರತೊಡಗಿತು. ಕೊಳವೆಯೊಳಗೆ ಮಸಿ ಕಟ್ಟಿಕೊಂಡಿತ್ತು. ಹಗ್ಗಕ್ಕೆ ಕಲ್ಲನ್ನೂ ತೆಂಗಿನ ನಾರಿನ ಉಂಡೆಯನ್ನೂ ಕಟ್ಟಿ ಮಾಡಿನ ಮೇಲಿನಿಂದ ಇಳಿಬಿಟ್ಟು ಎಳೆದಾಡಿದರೆ ಮಸಿ ಉದುರುತ್ತದೆ. ಒಂದು ಸಲ ನಾನೇ ಹತ್ತಿ ಹಾಗೆ ಮಾಡಿದೆನು. ನಾಲ್ಕು ಹೆಂಚುಗಳು ಒಡೆದವು. ಎರಡನೆಯ ಸಲಕ್ಕೆ ಹತ್ತಲಿಲ್ಲ. ಶಾಲೆಯ ಕೆಲಸವೆಂದೆ, ಮಳೆಗಾಲವೆಂದೆ. ಅಮ್ಮ ಒಂದೇ ಮಾತು ಹೇಳಿದಳು: "ಒಲೆ ಹಾಕೋರು ಬಂದರು, ಸರಿ. ಇದನ್ನ ಗುಡಿಸೋರು ಯಾರಪ್ಪಾ?" ಮುಂದೊಂದು ದಿನ ಆಕೆಯೇ ಅದನ್ನು ಒಡೆಸಿ ಹಳೆಯ ಕೋಡೊಲೆಯನ್ನೇ ಹೂಡಿಸಿಕೊಂಡಳು. ಊರಿನ ಬೇರೆ ಮನೆಗಳಲ್ಲಿಯೂ ಇದೇ ಕಥೆ. ದೇಶದ ಇತರ ಭಾಗಗಳಲ್ಲಿಯೂ ಕಟ್ಟಿಕೊಂಡ ಕೊಳವೆಗಳಿಂದಲೂ ಬಿರುಕುಬಿಟ್ಟ ಒಲೆಗಳಿಂದಲೂ ಅನೇಕರು ಬೇಸತ್ತರು. 2002ರಲ್ಲಿ ಆ ಕಾರ್ಯಕ್ರಮವನ್ನು ಕೇಂದ್ರವು ಕೈಬಿಟ್ಟಿತು.

ಅಮ್ಮನ ಪ್ರಶ್ನೆಗೆ ಉತ್ತರವು ಜರ್ಮನಿಯ ಆ ಕರಿಯ ಅಂಗಿಯವನಲ್ಲಿದೆಯೆಂದು ನನಗೆ ತಿಳಿದುದು ಬಹಳ ವರ್ಷಗಳ ಮೇಲೆ. ಹೊಗೆಗೂಡೆಂಬುದು ಬರಿಯ ಕೊಳವೆಯಲ್ಲ; ಕೊಳವೆಯೂ ಅದನ್ನು ಗುಡಿಸುವವನೂ ಸೇರಿದರೆ ಹೊಗೆಗೂಡು. ಅವರಲ್ಲಿ ಶತಮಾನಗಳಿಂದ ಎರಡೂ ಒಟ್ಟಿಗೆ ಬೆಳೆದವು. ನಮ್ಮಲ್ಲಿ ಕೊಳವೆಯನ್ನು ಎಣಿಸಿ ವರದಿಯಲ್ಲಿ ಬರೆದರು. ಗುಡಿಸುವವನನ್ನು ಯಾರೂ ನೇಮಿಸಲಿಲ್ಲ. ಕಾಡಿನ ಗಡಿಯಲ್ಲಿ ಸೌದೆಯನ್ನು ಕಾಯಲು ಗಾರ್ಡು, ಫಾರೆಸ್ಟರು, ರೇಂಜರು ಎಂದು ಮೆಟ್ಟಿಲುಮೆಟ್ಟಿಲಾಗಿ ಅಧಿಕಾರಿಗಳಿದ್ದರು. ಊರಿಗೊಬ್ಬ ತೋಟಿ, ಊರಿಗೊಬ್ಬ ನೀರುಗಂಟಿಯನ್ನು ಇಟ್ಟುಕೊಂಡಿದ್ದ ನಮ್ಮ ಗ್ರಾಮವ್ಯವಸ್ಥೆಯಲ್ಲಿ ಒಲೆಯನ್ನು ನೋಡಿಕೊಳ್ಳಲು ಒಬ್ಬನೂ ಇರಲಿಲ್ಲ. ತಪ್ಪನ್ನು ಸರ್ಕಾರದ ಮೇಲೆಯೇ ಹೊರಿಸಿ ನಾನು ತಪ್ಪಿಸಿಕೊಳ್ಳಲಾರೆ. ಏಣಿ ನಮ್ಮ ಮನೆಯಲ್ಲಿಯೇ ಇತ್ತು.

ಈಗ ಕಾಲ ಬದಲಾಗಿದೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಕಾಡಿನ ಮೇಲಿನ ಒತ್ತಡವನ್ನು ತಗ್ಗಿಸಲೆಂದು ಅನಿಲದ ಸಿಲಿಂಡರುಗಳನ್ನು ಹಂಚುವ ಕೆಲಸ ಮೊದಲೇ ಆರಂಭವಾಗಿತ್ತು. 2016ರ ಮೇ 1ರಂದು ಉಜ್ವಲಾ ಯೋಜನೆ ಜಾರಿಗೆ ಬಂದ ಮೇಲೆ ಬಡವರ ಮನೆಗಳಿಗೂ ಅನಿಲ ಬಂತು. ಇದರಿಂದಾದ ಉಪಕಾರವನ್ನು ಅಲ್ಲಗಳೆಯುವವನು ಅಡಿಗೆಮನೆಯನ್ನು ಹೊಕ್ಕವನಲ್ಲ. ಆದರೂ ಸಂಜೆಯ ಹೊತ್ತು ನಮ್ಮ ಊರುಗಳಲ್ಲಿ ನಡೆದು ನೋಡಿದರೆ ಹೊಗೆ ಪೂರ್ತಿ ಅಡಗಿಲ್ಲ. ಬಚ್ಚಲ ಹಂಡೆಗೆ ಸೌದೆಯೇ ಬೇಕು. ಮುದ್ದೆಯ ದೊಡ್ಡ ಪಾತ್ರೆಗೆ ಸಣ್ಣ ಉರಿ ಸಾಲದು. ಸಿಲಿಂಡರು ಮುಗಿದರೆ ಮತ್ತೊಂದನ್ನು ತರಿಸಲು ಹಣ ಕೂಡಬೇಕು. ಕಾಡಿನಂಚಿನಲ್ಲಿ ಪುಳ್ಳೆ ಆಯಲು ಹೋಗುವವಳು ಇಂದಿಗೂ ಒಂದು ಕಡೆ ಗಾರ್ಡಿಗೂ ಇನ್ನೊಂದು ಕಡೆ ಆನೆಗೂ ಅಂಜಿಯೇ ಹೋಗುತ್ತಾಳೆ. ಹಿಂದೆ ಕೊಳವೆಯನ್ನು ಎಣಿಸಿದಂತೆಯೇ ಈಗ ಸಿಲಿಂಡರನ್ನು ಎಣಿಸಿ ಸುಮ್ಮನಾದರೆ, ಹಳೆಯ ತಪ್ಪನ್ನೇ ಹೊಸ ಪಾತ್ರೆಯಲ್ಲಿ ಬೇಯಿಸಿದಂತಾಗುವುದು. ಸಂಪರ್ಕ ಕೊಟ್ಟ ಮೇಲೆ ಮುಂದಿನ ವರ್ಷ ಆ ಮನೆಯ ಬಾಗಿಲಿಗೆ ಬಂದು ಒಲೆ ಹೇಗಿದೆ, ಏನು ಉರಿಯುತ್ತಿದೆ ಎಂದು ವಿಚಾರಿಸುವವರು ಬೇಕು. ಆ ವಿಚಾರಣೆಯೇ ನಮ್ಮ ನಾಡಿಗೆ ಒಪ್ಪುವ ಹೊಗೆಗೂಡು ಗುಡಿಸುವಿಕೆ.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಶಾಸನಗಳನ್ನು ಹುಡುಕಿಕೊಂಡು ಊರೂರಿಗೆ ಹೋಗುವ ನಾವು ಆ ಊರಿನ ವಯಸ್ಸಾದ ತಾಯಂದಿರನ್ನು ಒಂದು ಗಳಿಗೆ ಮಾತನಾಡಿಸಬೇಕು. ಸೌದೆಯನ್ನು ಎಲ್ಲಿಂದ ತರುತ್ತಿದ್ದರು, ಯಾವ ಮರ ಯಾವ ಅಡಿಗೆಗೆ ಒಳ್ಳೆಯದಾಗಿತ್ತು, ಯಾವ ವರ್ಷದಿಂದ ಯಾವುದು ದೊರೆಯದೆ ಹೋಯಿತು, ದಿನಕ್ಕೆ ಎಷ್ಟು ಹೊತ್ತು ಒಲೆಯ ಮುಂದೆ ಕೂತಿದ್ದರು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಕಲ್ಲಿನ ಮೇಲಿನ ಅಕ್ಷರ ಇನ್ನೂ ನೂರು ವರ್ಷ ಕಾಯುತ್ತದೆ, ಅವರು ಕಾಯಲಾರರು.

ತರ್ಕದಿಂದ ಆರಂಭಿಸಿದುದನ್ನು ತರ್ಕದಿಂದಲೇ ಮುಗಿಸುವೆನು. ಹೊಗೆಯಿರುವಲ್ಲೆಲ್ಲ ಬೆಂಕಿಯಿದೆ; ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲವೆಂದು ಶಾಸ್ತ್ರವು ಸಾರುತ್ತದೆ. ಅದಕ್ಕೆ ಕೊಡುವ ದೃಷ್ಟಾಂತವು ಕಾದು ಕೆಂಪಾದ ಕಬ್ಬಿಣದ ಗುಂಡು: ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯುಳ್ಳ ಬೆಂಕಿಗೆ ಅಡಿಗೆಮನೆಯನ್ನೂ ಹೊಗೆಯಿಲ್ಲದ ಬೆಂಕಿಗೆ ಕಮ್ಮಾರನ ಗುಂಡನ್ನೂ ಹೇಳುತ್ತ ಬಂದ ನಮ್ಮ ಪಾಠದಲ್ಲಿ ಅಡಿಗೆಮನೆಯನ್ನು ಮೊದಲನೆಯ ಸಾಲಿನಿಂದ ಎರಡನೆಯ ಸಾಲಿಗೆ ಒಯ್ಯುವ ದಿನ ಬರಲಿ. ಅಂದು ಗುರುಗಳು ಶಿಷ್ಯರಿಗೆ ಹೊಸದೊಂದು ದೃಷ್ಟಾಂತವನ್ನು ಹುಡುಕಿಕೊಳ್ಳಬೇಕಾದೀತು. ಆ ಶ್ರಮವನ್ನು ಅವರು ಸಂತೋಷದಿಂದ ವಹಿಸಿಕೊಳ್ಳುವರೆಂದು ನಂಬಿದ್ದೇನೆ.